ಡೀಸೆಲ್ ಎಂಜಿನೂ ರಟ್ಟಿನ ರೈಲೂ

"ಬಿ.ಎ. ಓದುವ ಹುಡುಗನಿಗೆ ಎಂಜಿನಿನ ನಂಬರು ಬರೆದುಕೊಳ್ಳುವ ಚಟವೇಕೆ?" ಕಳೆದ ವರ್ಷ ನಮ್ಮ ಕಾಲೇಜಿನ ವಾಚನಾಲಯದಲ್ಲಿ ನನ್ನ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನು ಕಂಡು ಸಹಪಾಠಿಯೊಬ್ಬರು ಕೇಳಿದ ಪ್ರಶ್ನೆ ಇದು. ಸುತ್ತಲಿದ್ದವರು ನಕ್ಕರು; ನಾನೂ ನಕ್ಕೆ. ನಗುವಿನಲ್ಲಿ ಪ್ರಶ್ನೆ ತೇಲಿಹೋಯಿತೇ ಹೊರತು ಅದಕ್ಕೆ ಉತ್ತರ ಸಿಗಲಿಲ್ಲ. ಆ ಉತ್ತರವನ್ನು ಸಾವಧಾನವಾಗಿ ಕೊಡೋಣವೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ. ರೈಲಿನ ಹವ್ಯಾಸವೆಂಬುದು ಮಕ್ಕಳಾಟವೂ ಅಲ್ಲ, ಕೆಲಸವಿಲ್ಲದವರ ಕಾಲಹರಣವೂ ಅಲ್ಲ. ಸರಿಯಾಗಿ ಬೆಳೆಸಿಕೊಂಡರೆ ಅದು ಕಣ್ಣಿಟ್ಟು ನೋಡುವ, ಕಿವಿಗೊಟ್ಟು ಕೇಳುವ, ಕಂಡದ್ದನ್ನು ಅಳತೆಗೆ ಹಿಡಿಯುವ ಒಂದು ವಿದ್ಯೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿಯೂ ಸಕಲೇಶಪುರ ಆಲೂರು ಸೀಮೆಯವರಾದ ನಮಗೆ ಈ ವಿದ್ಯೆ ಇಂದು ತುರ್ತಾಗಿ ಬೇಕಾಗಿದೆ. ಅದು ಏಕೆಂಬುದನ್ನು ಹೇಳುವ ಮುನ್ನ ನಮ್ಮ ರೈಲುಮಾರ್ಗದ ವಿಷಯವಾಗಿ ನಾಲ್ಕು ಮಾತು ಹೇಳಬೇಕು.

ಆಲೂರಿಗೂ ಬಾಳ್ಳುಪೇಟೆಗೂ ನಡುವೆ ನಮ್ಮ ಹಳ್ಳಿ. ಮನೆಯ ಹಿಂದಿನ ಗದ್ದೆ ದಾಟಿದರೆ ಹಳಿ. ಹಾಸನದಿಂದ ಮಂಗಳೂರಿಗೆ ಹೋಗುವ ಈ ಮಾರ್ಗ ಮೊದಲು ಮೀಟರ್ ಗೇಜಿನದಾಗಿ ೧೯೭೯ರಲ್ಲಿ ಪೂರ್ಣಗೊಂಡಿತು. ಹಳಿಗಳನ್ನು ಅಗಲಗೊಳಿಸುವುದಕ್ಕಾಗಿ ೧೯೯೬ರಲ್ಲಿ ಪ್ರಯಾಣಿಕರ ಗಾಡಿಗಳನ್ನು ನಿಲ್ಲಿಸಿದರು. ೨೦೦೬ರಲ್ಲಿ ಸರಕು ಗಾಡಿಗಳೂ ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಓಡತೊಡಗಿದವು. ಹನ್ನೊಂದು ವರ್ಷ ಪ್ರಯಾಣಿಕರ ಗಾಡಿಯಿಲ್ಲದೆ ಇದ್ದ ಕಾಲವನ್ನು ನಮ್ಮ ಅಜ್ಜಿ ಇಂದಿಗೂ ನೆನೆಯುವುದುಂಟು. "ಗಾಡಿ ನಿಂತ ಮೇಲೆ ಹೊತ್ತೇ ಗೊತ್ತಾಗುತ್ತಿರಲಿಲ್ಲ" ಎನ್ನುವರು. ಗಡಿಯಾರವಿಲ್ಲದ ಮನೆಗೆ ರೈಲೇ ಗಡಿಯಾರ.

ಸಕಲೇಶಪುರ ದಾಟಿದೊಡನೆ ಮಾರ್ಗದ ಗುಣವೇ ಬದಲಾಗುತ್ತದೆ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು, ಅಲ್ಲಿಂದ ಕೆಳಗೆ ಸುಬ್ರಹ್ಮಣ್ಯ ರೋಡ್. ಸುಮಾರು ೫೫ ಕಿಲೋಮೀಟರಿನ ಈ ಘಾಟಿಯಲ್ಲಿ ೫೭ ಸುರಂಗಗಳಿವೆ. ಸೇತುವೆಗಳು ನೂರಕ್ಕೂ ಮಿಕ್ಕಿವೆ. ಏರು ಐವತ್ತಕ್ಕೆ ಒಂದರಂತೆ. ಎಂದರೆ ಐವತ್ತು ಮೊಳ ಮುಂದೆ ಹೋಗುವಷ್ಟರಲ್ಲಿ ಒಂದು ಮೊಳ ಮೇಲಕ್ಕೆ ಏರಬೇಕು. ನಡೆಯುವವನಿಗೆ ಇದು ಏರೆಂದೇ ತೋರುವುದಿಲ್ಲ. ಆದರೆ ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಉರುಳುವಾಗ, ಹಿಂದೆ ಸಾವಿರಾರು ಟನ್ನಿನ ಭಾರವಿರುವಾಗ, ಅದು ದೊಡ್ಡ ಏರು. ಆದ್ದರಿಂದಲೇ ಸರಕು ಗಾಡಿಗಳಿಗೆ ಮುಂದೆ ಎಳೆಯುವ ಎಂಜಿನುಗಳಲ್ಲದೆ ಹಿಂದಿನಿಂದ ತಳ್ಳುವ ಎಂಜಿನುಗಳನ್ನೂ ಕಟ್ಟುವುದು. ಮಳೆಗಾಲದ ರಾತ್ರಿಯಲ್ಲಿ ಮುಂದಿನ ಎಂಜಿನಿನ ಸದ್ದು ಒಂದು ಗುಡ್ಡದಿಂದಲೂ ಹಿಂದಿನದರ ಸದ್ದು ಇನ್ನೊಂದು ಗುಡ್ಡದಿಂದಲೂ ಕೇಳಿಬರುವುದನ್ನು ಘಾಟಿಯ ಅಂಚಿನ ತೋಟಗಳಲ್ಲಿ ಮಲಗಿದವರೆಲ್ಲ ಬಲ್ಲರು.

ಈ ಸದ್ದಿನಿಂದಲೇ ನನ್ನ ಹವ್ಯಾಸ ಆರಂಭವಾಯಿತು. ಸಕಲೇಶಪುರದ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಭಾನುವಾರಗಳಂದು ಕೂಡುವ ನಾಲ್ಕೈದು ಮಂದಿ ನಾವಿದ್ದೇವೆ. ನಮ್ಮಲ್ಲಿ ಒಬ್ಬರು ಶಾಲಾ ಉಪಾಧ್ಯಾಯರು, ಒಬ್ಬರು ಕಾಫಿ ತೋಟದ ಲೆಕ್ಕ ಬರೆಯುವವರು, ಒಬ್ಬ ಐ.ಟಿ.ಐ. ವಿದ್ಯಾರ್ಥಿ. ನಮ್ಮ ಸಂಘಕ್ಕೆ ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಬಂದ ಎಂಜಿನುಗಳ ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು, ಹಳೆಯ ನೆನಪುಗಳನ್ನು ಹಂಚಿಕೊಳ್ಳುವುದು, ಮನೆಯಲ್ಲಿ ಮಾಡಿದ ಪುಟ್ಟ ಡಬ್ಬಿಗಳನ್ನು ತಂದು ತೋರಿಸುವುದು, ಇಷ್ಟೇ ನಮ್ಮ ಕಾರ್ಯಕ್ರಮ. ನಂಬರಿನ ಮುಂದಿರುವ ಅಕ್ಷರಗಳಿಗೆ ಅರ್ಥವಿದೆಯೆಂದು ನಾನು ಕಲಿತದ್ದು ಅಲ್ಲಿಯೇ. ಡಬ್ಲ್ಯೂ.ಡಿ.ಎಂ.-೨ ಎಂದರೆ ಅಗಲ ಹಳಿಯ, ಡೀಸೆಲಿನಿಂದ ನಡೆಯುವ, ಪ್ರಯಾಣಿಕರ ಗಾಡಿಗೂ ಸರಕಿಗೂ ಒದಗುವ ಎಂಜಿನಿನ ಎರಡನೆಯ ಮಾದರಿ. ಮೊದಲಕ್ಷರ 'ವೈ' ಆದರೆ ಮೀಟರ್ ಗೇಜು. ಕೊನೆಯಕ್ಷರ 'ಜಿ' ಆದರೆ ಸರಕು, 'ಪಿ' ಆದರೆ ಪ್ರಯಾಣಿಕರು. ವ್ಯಾಕರಣದಲ್ಲಿ ಧಾತುವಿಗೆ ಪ್ರತ್ಯಯ ಸೇರಿದಂತೆಯೇ ಇದು ಎಂದು ನಮ್ಮ ಉಪಾಧ್ಯಾಯರು ಹೇಳಿದಾಗ, ತರಗತಿಯಲ್ಲಿ ತಲೆಗೆ ಹತ್ತದ ವ್ಯಾಕರಣವೂ ನನಗೆ ಕೊಂಚ ಹತ್ತಿತು!

ಡೀಸೆಲ್ ಎಂಜಿನುಗಳಲ್ಲಿ ನಾವು ಕೇಳಿ ಬೆಳೆದದ್ದು ಎರಡು ವಂಶಗಳನ್ನು. ಮೊದಲನೆಯದು ಅಮೆರಿಕದ ಆಲ್ಕೋ ಸಂಸ್ಥೆಯ ವಂಶ. ಆ ಸಂಸ್ಥೆಯ ವಿನ್ಯಾಸದಂತೆ ವಾರಾಣಸಿಯ ಕಾರ್ಖಾನೆಯಲ್ಲಿ ೧೯೬೪ರಿಂದ ಎಂಜಿನುಗಳು ತಯಾರಾಗತೊಡಗಿದವು. ಹದಿನಾರು ಸಿಲಿಂಡರುಗಳ ಡಬ್ಲ್ಯೂ.ಡಿ.ಎಂ.-೨ಕ್ಕೆ ೨೬೦೦ ಅಶ್ವಶಕ್ತಿ. ಮೀಟರ್ ಗೇಜಿನ ವೈ.ಡಿ.ಎಂ.-೪ಕ್ಕೆ ಆರೇ ಸಿಲಿಂಡರು, ೧೪೦೦ ಅಶ್ವಶಕ್ತಿ. ಮೂಲದ ಆಲ್ಕೋ ಸಂಸ್ಥೆ ೧೯೬೯ರಲ್ಲಿಯೇ ಬಾಗಿಲು ಹಾಕಿತಾದರೂ ಅದರ ಮಕ್ಕಳು ಮೊಮ್ಮಕ್ಕಳು ನಮ್ಮ ನಾಡಿನಲ್ಲಿ ದಶಕಗಳ ಕಾಲ ದುಡಿದವು. ಎರಡನೆಯ ವಂಶ ಅಮೆರಿಕದ ಜನರಲ್ ಮೋಟಾರ್ಸಿನದು. ಅದರ ಡಬ್ಲ್ಯೂ.ಡಿ.ಜಿ.-೪ ಎಂಬುದು ೪೦೦೦ ಅಶ್ವಶಕ್ತಿಯ ಸರಕು ಎಂಜಿನು. ನಮ್ಮ ಹುಬ್ಬಳ್ಳಿಯ ಶೆಡ್ಡು ಅದರ ತವರುಮನೆ. ಆಲ್ಕೋ ಏರಿನಲ್ಲಿ ಹೊರಡುವಾಗ ಒಮ್ಮೆಗೇ ಕರಿಹೊಗೆ ಉಗುಳುತ್ತದೆ. ಚಾಲಕನು ಹೆಚ್ಚು ಎಣ್ಣೆ ಬಿಟ್ಟ ಕ್ಷಣಕ್ಕೂ ಗಾಳಿ ತುಂಬುವ ಟರ್ಬೋ ಚಕ್ರ ವೇಗ ಹಿಡಿಯುವ ಕ್ಷಣಕ್ಕೂ ನಡುವೆ ಸ್ವಲ್ಪ ಅಂತರವಿರುವುದೇ ಇದಕ್ಕೆ ಕಾರಣ. ಗಾಳಿ ಸಾಲದೆ ಎಣ್ಣೆ ಅರೆಬೆಂದು ಹೊಗೆಯಾಗುವುದು. ನಮ್ಮ ಮನೆಯ ಒಲೆಯಲ್ಲಿ ಹಸಿ ಸೌದೆ ತುರುಕಿ ಊದುವುದನ್ನು ಮರೆತರೆ ಆಗುವುದೂ ಇದೇ ಅಲ್ಲವೆ?

ಡೀಸೆಲ್ ಎಂಜಿನಿನ ಹೊಟ್ಟೆಯೊಳಗಿರುವುದು ಒಂದು ವಿದ್ಯುದಾಗಾರವೆಂಬುದು ಹಲವರಿಗೆ ತಿಳಿಯದು. ಎಣ್ಣೆಯಿಂದ ನಡೆಯುವ ಯಂತ್ರ ನೇರವಾಗಿ ಚಕ್ರವನ್ನು ತಿರುಗಿಸುವುದಿಲ್ಲ. ಅದು ವಿದ್ಯುತ್ತನ್ನು ಹುಟ್ಟಿಸುತ್ತದೆ, ಆ ವಿದ್ಯುತ್ತು ಅಚ್ಚುಗಳ ಮೇಲಿರುವ ಮೋಟಾರುಗಳನ್ನು ತಿರುಗಿಸುತ್ತದೆ. ಘಾಟಿ ಇಳಿಯುವಾಗ ಇದೇ ಮೋಟಾರುಗಳು ತಿರುಗುಮುರುಗಾಗಿ ಕೆಲಸಮಾಡಿ, ಗಾಡಿಯ ಓಟವನ್ನು ತಡೆಯುತ್ತ ತಾವೇ ವಿದ್ಯುತ್ತನ್ನು ಹುಟ್ಟಿಸುತ್ತವೆ. ಡೀಸೆಲಿನಲ್ಲಿ ಆ ವಿದ್ಯುತ್ತಿಗೆ ಹೋಗಲು ಎಡೆಯಿಲ್ಲ. ಅದು ತಂತಿಗಳ ಜಾಲರಿಯಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ಇಳಿಯುವ ಗಾಡಿಯಿಂದ ಸಿಳ್ಳಿನಂತೆ ಕೇಳಿಬರುವ ಸದ್ದು ಆ ಶಾಖವನ್ನು ಹೊರದೂಡುವ ಬೀಸಣಿಗೆಯದು. ಬಹಳ ಕಾಲ ಅದನ್ನು ನಾನು ಯಾವುದೋ ಕಾಡುಪ್ರಾಣಿಯ ಕೂಗೆಂದೇ ನಂಬಿದ್ದೆ!

ಇನ್ನು ಮಾದರಿ ರೈಲಿನ ಮಾತು. ಅಂಗಡಿಯಲ್ಲಿ ಸಿಗುವ ವಿದೇಶದ ಮಾದರಿ ಎಂಜಿನಿನ ಬೆಲೆ ಕೇಳಿದರೆ ನಮ್ಮಂಥವರ ಎದೆ ಒಡೆಯುತ್ತದೆ. ಹೀಗಾಗಿ ನಮ್ಮದು ರಟ್ಟು, ಬೆಂಕಿಪೊಟ್ಟಣ, ಅಡಕೆಯ ಹಾಳೆ, ಹಳೆಯ ಪೆನ್ನಿನ ಕೊಳವೆ, ಇವುಗಳ ರೈಲು. ಆದರೆ ಅಳತೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 'ಎಚ್.ಓ.' ಎಂಬ ಪ್ರಮಾಣದಲ್ಲಿ ನಿಜದ ೮೭ ಅಡಿ ಮಾದರಿಯ ಒಂದು ಅಡಿ. ಅದರ ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರು, ಇದು ಯೂರೋಪಿನ ೧೪೩೫ ಮಿಲಿಮೀಟರಿನ ಹಳಿಗೆ ಸರಿ. ನಮ್ಮ ಬ್ರಾಡ್ ಗೇಜು ೧೬೭೬ ಮಿಲಿಮೀಟರು. ಲೆಕ್ಕದಂತೆ ಅದಕ್ಕೆ ಹತ್ತೊಂಬತ್ತಕ್ಕಿಂತ ತುಸು ಹೆಚ್ಚು ಬೇಕು. ಆದ್ದರಿಂದ ಕೊಂಡ ಹಳಿಯ ಮೇಲೆ ನಮ್ಮ ಎಂಜಿನನ್ನು ನಿಲ್ಲಿಸಿದರೆ ದಪ್ಪ ಮನುಷ್ಯ ಸಣ್ಣ ಮಣೆಯ ಮೇಲೆ ಕುಳಿತಂತೆ ಕಾಣುತ್ತದೆ. ನಾನು ರಟ್ಟಿನಲ್ಲಿ ಹಳಿಯನ್ನೂ ನಾನೇ ಮಾಡಿಕೊಂಡದ್ದು ಹಣವಿಲ್ಲದುದರಿಂದ. ಆದರೆ ಅದರಿಂದಲೇ ಅಳತೆ ಸರಿಯಾಯಿತು. ಬಡತನಕ್ಕೂ ಒಮ್ಮೊಮ್ಮೆ ಹೀಗೊಂದು ಲಾಭ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಘಾಟಿಯ ಒಂದು ತಿರುವನ್ನು ಹಲಗೆಯ ಮೇಲೆ ಕಟ್ಟಿದೆ. ಗುಡ್ಡ, ಸುರಂಗದ ಬಾಯಿ, ಸೇತುವೆ, ಮೂರು ಡಬ್ಬಿ, ಒಂದು ಎಂಜಿನು. ಊರಿನವರು ಬಂದು ನೋಡಿ ಮೆಚ್ಚಿದರು. ಪಕ್ಕದ ಬೀದಿಯಲ್ಲಿ ನಿವೃತ್ತರಾದ ಒಬ್ಬ ಗ್ಯಾಂಗ್‌ಮನ್ ಇದ್ದಾರೆ. ಮೀಟರ್ ಗೇಜಿನ ಕಾಲದಲ್ಲಿ ಸೇರಿ ಬ್ರಾಡ್ ಗೇಜಿನ ಕಾಲದಲ್ಲಿ ನಿವೃತ್ತರಾದವರು. ಅವರೂ ಬಂದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನನಗೆ ಪ್ರಶಂಸೆಯ ಆಸೆ. ಅವರು ಬೆರಳನ್ನು ಗುಡ್ಡದ ಬುಡದಲ್ಲಿಟ್ಟು, "ಎಲ್ಲಾ ಚೆನ್ನಾಗದೆ ಮಗ. ನೀರು ಹೋಗಾಕೆ ದಾರಿ ಎಲ್ಲಿ?" ಎಂದರು.

ನಾನು ಚರಂಡಿಯನ್ನು ಮಾಡಿರಲಿಲ್ಲ. ಮರೆತದ್ದಲ್ಲ, ಅದನ್ನು ನಾನು ನೋಡಿಯೇ ಇರಲಿಲ್ಲ. ಎಷ್ಟೋ ಸಲ ಅದೇ ಮಾರ್ಗದಲ್ಲಿ ಕಿಟಕಿಯ ಪಕ್ಕ ಕುಳಿತು ಹೋಗಿದ್ದರೂ ನನ್ನ ಕಣ್ಣು ಎಂಜಿನಿನ ಮೇಲೆ, ಕಣಿವೆಯ ಮೇಲೆ. ಗುಡ್ಡ ಕಡಿದ ಕಡೆಯಲ್ಲೆಲ್ಲ ಹಳಿಯ ಪಕ್ಕದಲ್ಲಿ ಒಂದು ಚರಂಡಿ, ಗುಡ್ಡದ ನೆತ್ತಿಯಲ್ಲಿ ನೀರು ಕೆಳಗಿಳಿಯದಂತೆ ತಡೆದು ಪಕ್ಕಕ್ಕೆ ಒಯ್ಯುವ ಇನ್ನೊಂದು ಕಾಲುವೆ, ಏರಿಯ ಕೆಳಗೆ ಮೋರಿ. ಇವಿಲ್ಲದೆ ಮಲೆನಾಡಿನಲ್ಲಿ ಹಳಿ ಒಂದು ಮಳೆಗಾಲವೂ ನಿಲ್ಲಲಾರದೆಂದು ಅವರು ಹೇಳಿದರು. ಆ ಸಂಜೆ ಅವರು ಮಾತನಾಡಿದಷ್ಟು ನನ್ನೊಡನೆ ಹಿಂದೆಂದೂ ಮಾತನಾಡಿದವರಲ್ಲ. ಮಳೆಗಾಲದ ರಾತ್ರಿಯ ಗಸ್ತು, ಕೈಯಲ್ಲಿ ದೀಪ, ಚೀಲದಲ್ಲಿ ಹಳಿಯ ಮೇಲಿಟ್ಟರೆ ಚಕ್ರದ ಕೆಳಗೆ ಸಿಡಿದು ಚಾಲಕನನ್ನು ಎಚ್ಚರಿಸುವ ಡೆಟೊನೇಟರುಗಳು, ಗಸ್ತಿನ ಕೊನೆಯಲ್ಲಿ ಆ ಕಡೆಯಿಂದ ಬಂದವನೊಡನೆ ಪುಸ್ತಕ ಬದಲಾಯಿಸಿಕೊಂಡು ಹಿಂದಿರುಗುವುದು, ಜಿಗಣೆ, ಆನೆಯ ಲದ್ದಿ ಕಂಡರೆ ನಿಂತು ಕಿವಿಗೊಡುವುದು. "ಎಂಜಿನ್ನು ಬರೋ ಸದ್ದು ಕೇಳಿದ್ರೆ ಧೈರ್ಯ. ಹೋದ ಮೇಲೆ ಮತ್ತೆ ನಾವು, ಮಳೆ" ಎಂದರು. ನಾನು ಸದ್ದನ್ನು ಮನೆಯ ಹಾಸಿಗೆಯಿಂದ ಕೇಳಿದವನು. ಅವರು ಅದನ್ನು ಹಳಿಯ ಪಕ್ಕದಿಂದ ಕೇಳಿದವರು.

ಅವರ ಮಾತು ಎಷ್ಟು ನಿಜವೆಂಬುದನ್ನು ನಾವೆಲ್ಲ ಕಂಡಿದ್ದೇವೆ. ೨೦೧೮ರ ಆಗಸ್ಟಿನ ಮಳೆಯಲ್ಲಿ ಘಾಟಿಯ ಹಲವೆಡೆ ಗುಡ್ಡ ಜರಿದು ವಾರಗಟ್ಟಲೆ ರೈಲು ನಿಂತಿತು. ೨೦೨೪ರ ಜುಲೈ ಕೊನೆಯಲ್ಲಿ ಕಡಗರವಳ್ಳಿ ಎಡಕುಮೇರಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿಹೋಯಿತು. ಅದು ಸರಿಹೋಗುವಷ್ಟರಲ್ಲಿ ಆಗಸ್ಟಿನಲ್ಲಿ ನಮ್ಮ ಬಾಳ್ಳುಪೇಟೆಗೂ ಸಕಲೇಶಪುರಕ್ಕೂ ನಡುವೆಯೇ ಮಣ್ಣು ಕುಸಿಯಿತು. ನಮ್ಮ ಘಾಟಿಯ ಕಥೆ ಕಬ್ಬಿಣದ ಕಥೆಯಷ್ಟೇ ಅಲ್ಲ, ನೀರಿನ ಕಥೆ. ಇದನ್ನು ನನಗೆ ಕಲಿಸಿದ್ದು ಭೂಗೋಳದ ಪುಸ್ತಕವಲ್ಲ. ಒಂದು ರಟ್ಟಿನ ಗುಡ್ಡ ಮತ್ತು ಒಬ್ಬ ಹಿರಿಯರ ಬೆರಳು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಇದು ವಿದ್ಯುತ್ತಿನ ಯುಗ, ಹೊಗೆ ಕಾರುವ ಡೀಸೆಲನ್ನು ಹಂಬಲಿಸುವುದು ಪ್ರಗತಿಗೆ ವಿರೋಧವಲ್ಲವೆ ಎಂಬುದು. ಘಾಟಿಯಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ ೨೦೨೫ರ ಜೂನ್ ತಿಂಗಳಿಂದ ಹಗಲಿನ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಇಲ್ಲಿ ಡೀಸೆಲಿನ ದಿನಗಳು ಮುಗಿಯುತ್ತ ಬಂದಿವೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಸುರಂಗದಲ್ಲಿ ಹೊಗೆ ಕುಡಿದ ಚಾಲಕರನ್ನೂ ಗ್ಯಾಂಗಿನವರನ್ನೂ ಕೇಳಿದರೆ ಯಾರೂ ಡೀಸೆಲಿಗಾಗಿ ಅಳುವುದಿಲ್ಲ. ಡೀಸೆಲಿನಲ್ಲಿ ಬಿಸಿಗಾಳಿಯಾಗಿ ಹಾಳಾಗುತ್ತಿದ್ದ ಇಳಿಜಾರಿನ ಶಕ್ತಿಯನ್ನು ಹೊಸ ಬಗೆಯ ವಿದ್ಯುತ್ ಎಂಜಿನು ತಂತಿಗೇ ಹಿಂದಿರುಗಿಸಬಲ್ಲದು. ಒಂದು ಗಾಡಿ ಇಳಿದ ಶಕ್ತಿಯಿಂದ ಇನ್ನೊಂದು ಗಾಡಿಯ ಏರಿಗೆ ನೆರವಾಗಬಹುದು. ಡೀಸೆಲು ಹೋಗಲಿ. ಆದರೆ ಅದರೊಡನೆ ದುಡಿದವರ ನೆನಪೂ ಹೋಗಬೇಕೆ? ನನ್ನ ಕಳವಳ ಯಂತ್ರದ್ದಲ್ಲ, ನೆನಪಿನದು. ವೈ.ಡಿ.ಎಂ.-೪ರ ಕಾಲದಲ್ಲಿ ದುಡಿದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳಲು ನಮಗಿರುವುದು ಇನ್ನು ಕೆಲವೇ ವರ್ಷ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಅದನ್ನು ನಾನು ಒಪ್ಪುತ್ತೇನೆ. ರೈಲಿನ ಮೋಹದ ಹೆಸರಿನಲ್ಲಿ ಹಳಿಯ ಮೇಲೆ ನಡೆಯುವುದು, ಸುರಂಗದೊಳಗೆ ನಿಂತು ಚಿತ್ರ ತೆಗೆಸಿಕೊಳ್ಳುವುದು, ಬಾಗಿಲಿನಿಂದ ಜೋತುಬೀಳುವುದು ನಮ್ಮ ವಯಸ್ಸಿನವರಲ್ಲಿ ಹೆಚ್ಚಾಗಿದೆ. ಸಕಲೇಶಪುರದಿಂದ ಕೆಳಗೆ ಹಳಿಯುದ್ದಕ್ಕೂ ಚಾರಣ ಹೋಗುವುದು ಒಂದು ಕಾಲದಲ್ಲಿ ಹೆಸರುವಾಸಿಯಾಗಿತ್ತು. ಅದು ಅಪಾಯ, ಅಪರಾಧವೂ ಹೌದು. ೧೯೮೯ರ ರೈಲ್ವೆ ಕಾಯಿದೆಯ ೧೪೭ನೆಯ ಕಲಮಿನಂತೆ ಅಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ದಂಡದ ಮಾತು ಹಾಗಿರಲಿ. ಆ ಸುರಂಗಗಳಲ್ಲಿ ಗಾಡಿ ಬಂದರೆ ಓಡುವ ದಾರಿ ಕಡಿಮೆ. ಹಾಗೆ ಹೋಗುವವರು ರೈಲನ್ನು ನೋಡುವವರಲ್ಲ. ರೈಲಿನ ಪಕ್ಕದಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳುವವರು. ನಿಜವಾದ ಹವ್ಯಾಸಿಗೆ ನಿಲ್ದಾಣದ ಬೆಂಚು ಸಾಕು, ಟಿಕೆಟ್ಟು ಕೊಂಡ ಕಿಟಕಿ ಸಾಕು.

ಮೂರನೆಯದು, ಇದರಿಂದ ಪ್ರಯೋಜನವೇನೆಂಬ ಹಳೆಯ ಪ್ರಶ್ನೆ. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿ ೧೯೪೬ರಲ್ಲಿ ವಿದ್ಯಾರ್ಥಿಗಳು ಮಾದರಿ ರೈಲಿನ ಸಂಘವೊಂದನ್ನು ಕಟ್ಟಿದರು. ಕೆಲವರಿಗೆ ಮೇಜಿನ ಮೇಲಿನ ಗಾಡಿಗಳ ಮೋಹ, ಇನ್ನು ಕೆಲವರಿಗೆ ಮೇಜಿನ ಕೆಳಗಿನ ತಂತಿಗಳ ಮೋಹ. ಟೆಲಿಫೋನಿನ ಬಿಡಿಭಾಗಗಳಿಂದ ಸಿಗ್ನಲುಗಳನ್ನು ನಡೆಸಲು ಕಲಿತ ಈ ಎರಡನೆಯ ಗುಂಪಿನವರೇ ೧೯೫೦ರ ದಶಕದ ಕೊನೆಯಲ್ಲಿ ಕಂಪ್ಯೂಟರಿನ ಮುಂದೆ ರಾತ್ರಿ ಕಳೆದು ಆ ಶಾಸ್ತ್ರದ ಮೊದಲಿಗರಲ್ಲಿ ಸೇರಿದರು. ವೇಲ್ಸಿನಲ್ಲಿ ಟಾಲಿಥ್ಲಿನ್ ಎಂಬ ಚಿಕ್ಕ ರೈಲುಮಾರ್ಗ ಮುಚ್ಚಿಹೋಗುವ ಸ್ಥಿತಿಯಲ್ಲಿದ್ದಾಗ ಹವ್ಯಾಸಿಗಳೇ ಸೇರಿ ೧೯೫೧ರಿಂದ ಅದನ್ನು ನಡೆಸಿದರು. ಇಂದಿಗೂ ಅದು ಓಡುತ್ತಿದೆ. ದೂರ ಏಕೆ, ನೆರೆಯ ಪುಣೆಯಲ್ಲಿ ಜೋಶಿ ಎಂಬವರು ಹವ್ಯಾಸದಿಂದ ಕಟ್ಟಿದ ಮಾದರಿ ರೈಲುಗಳು ೧೯೯೮ರಿಂದ ಒಂದು ವಸ್ತುಸಂಗ್ರಹಾಲಯವೇ ಆಗಿವೆ. ನಮ್ಮ ಮೈಸೂರಿನಲ್ಲಿ ೧೯೭೯ರಿಂದ, ಹುಬ್ಬಳ್ಳಿಯಲ್ಲಿ ೨೦೨೦ರಿಂದ ರೈಲ್ವೆ ವಸ್ತುಸಂಗ್ರಹಾಲಯಗಳಿವೆ. ಆದರೆ ಈ ಘಾಟಿಯನ್ನು ಕಾಯುತ್ತ ಬಂದವರ ಮಾತು ಅವರ ನಾಲಗೆಯ ತುದಿಯಲ್ಲಿಯೇ ಉಳಿದಿದೆ.

ಆದುದರಿಂದ ನಮ್ಮ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ. ಇದಕ್ಕೆ ಹಣ ಹೆಚ್ಚು ಬೇಡ. ಇತಿಹಾಸ ವಿಭಾಗದಲ್ಲಿ ಒಂದು ಬೀರು, ಭೂಗೋಳ ವಿಭಾಗದಲ್ಲಿ ಒಂದು ಗೋಡೆ ಸಾಕು. ಹಾಸನ, ಆಲೂರು, ಬಾಳ್ಳುಪೇಟೆ, ಸಕಲೇಶಪುರಗಳಲ್ಲಿರುವ ನಿವೃತ್ತ ಗ್ಯಾಂಗಿನವರು, ಚಾಲಕರು, ಸ್ಟೇಷನ್ ಮಾಸ್ತರರು, ಇವರ ಬಳಿಗೆ ಹೋಗಿ ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದುಕೊಂಡು ಆ ಬೀರಿನಲ್ಲಿಡೋಣ. ಕೊನೆಯ ಡೀಸೆಲುಗಳ ಸದ್ದನ್ನು ನಿಲ್ದಾಣದಲ್ಲಿ ನಿಂತು ಧ್ವನಿಮುದ್ರಿಸೋಣ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಅದಕ್ಕೆ ಬೇಕಾದ ಯಂತ್ರವಿದೆ. ಗೋಡೆಯ ಪಕ್ಕದಲ್ಲಿ ಘಾಟಿಯ ಒಂದು ಮಾದರಿ ಕಟ್ಟೋಣ. ಇಡೀ ಘಾಟಿಯನ್ನು ೮೭ರ ಪ್ರಮಾಣದಲ್ಲಿ ಕಟ್ಟಲು ಆರುನೂರು ಮೀಟರಿಗೂ ಉದ್ದದ ಜಾಗ ಬೇಕು, ಅದು ಆಗದ ಮಾತು. ಆದರೆ ಅರ್ಧ ಕಿಲೋಮೀಟರಿನ ತುಂಡು ಆರು ಮೀಟರಿನೊಳಗೆ ಹಿಡಿಯುತ್ತದೆ. ಆ ಆರು ಮೀಟರಿನಲ್ಲಿ ಹಳಿ ಏರುವುದು ಹನ್ನೊಂದೂವರೆ ಸೆಂಟಿಮೀಟರು. ಗಣಿತದವರು ಏರನ್ನೂ ಭೂಗೋಳದವರು ಗುಡ್ಡವನ್ನೂ ಇತಿಹಾಸದವರು ವರ್ಷಗಳನ್ನೂ ಕನ್ನಡದವರು ಮಾತುಗಳನ್ನೂ ನೋಡಿಕೊಳ್ಳಲಿ. ಎಂಜಿನುಗಳ ನಂಬರನ್ನು ನಾನು ನೋಡಿಕೊಳ್ಳುತ್ತೇನೆ. ಪುಸ್ತಕ ಸಿದ್ಧವಾಗಿಯೇ ಇದೆ.

ವಾಚನಾಲಯದಲ್ಲಿ ಪ್ರಶ್ನೆ ಕೇಳಿದ ಮಿತ್ರರಿಗೆ ಇದೇ ನನ್ನ ಉತ್ತರ. ಎಂಜಿನಿನ ನಂಬರಿನಿಂದ ಆರಂಭಿಸಿದವನು ಚರಂಡಿಯವರೆಗೆ ಬಂದೆ. ಚರಂಡಿಯಿಂದ ಅದನ್ನು ಕಾದ ಮನುಷ್ಯನವರೆಗೆ ಬಂದೆ. ಆ ಹಲಗೆಯ ಮೇಲಿನ ಗುಡ್ಡಕ್ಕೆ ಮರುವಾರವೇ ಚರಂಡಿ ತೋಡಿದೆ, ನೆತ್ತಿಯ ಮೇಲೊಂದು ಕಾಲುವೆಯನ್ನೂ ತೆಗೆದೆ. ಹಿರಿಯರು ಮತ್ತೆ ಬಂದು ಒಂದು ಲೋಟ ನೀರು ತರಿಸಿ, ಗುಡ್ಡದ ಮೇಲೆ ನಿಧಾನವಾಗಿ ಸುರಿದರು. ರಟ್ಟು ಸ್ವಲ್ಪ ನೆನೆಯಿತು; ಹಳಿ ಮಾತ್ರ ಒಣಗಿಯೇ ಇತ್ತು. "ಈಗ ಗಾಡಿ ಬಿಡು" ಎಂದರು.